ಲಿಡಾ ಅಜ್ಜಿಯ ಪಿನ್‌ಬಾಲ್

ಮನೆಗೆ ಗಾಜಿನ ಕೆಳಗೆ ಗುಂಡು ಓಡಿಸಿ ಆಡುವ ಒಂದು ಪಿನ್‌ಬಾಲ್ ಯಂತ್ರ ತರೋಣ ಎಂದು ಎಮಿಲ್ ಹೇಳಿದ್ದು ಭಾನುವಾರದ ಊಟದ ಹೊತ್ತಿನಲ್ಲಿ. ಹುರಿದ ಹಂದಿ ಮಾಂಸವನ್ನು ಕೊಯ್ಯುತ್ತಿದ್ದ ಹೆಂಡತಿ ಡೋರೀನ್‌ಳ ಕೈ ಅಲ್ಲಿಗೇ ನಿಂತಿತು.

"ಏನು ತರೋಣ?"

"ಪಿನ್‌ಬಾಲ್. ನೆಲಮಾಳಿಗೇಲಿ ಇಡೋಣ. ಮನೆಮಂದಿ ಎಲ್ಲಾ ಸೇರಿ ಆಡಬಹುದು."

"ಮನೆಮಂದಿ ಎಲ್ಲಾ ಸೇರಿ ಊಟ ಮಾಡೋಕೇ ಆಗ್ತಿಲ್ಲ. ಇನ್ನು ಆಟ ಬೇರೆ ಆಡ್ತಾರಂತೆ." ಡೋರೀನ್ ಕೈಯಲ್ಲಿದ್ದ ಚಾಕುವಿನಿಂದಲೇ ಖಾಲಿ ಕುರ್ಚಿಯನ್ನು ತೋರಿಸಿದಳು. ಅದು ಹದಿನಾರು ವರ್ಷದ ಹಿರಿಮಗಳು ಕೊರಿನ್‌ಳ ಕುರ್ಚಿ. ಆ ಬೇಸಿಗೆಯಿಂದ ಈಚೆಗೆ ಅವಳು ತಟ್ಟೆಯನ್ನು ತನ್ನ ಕೋಣೆಗೇ ಒಯ್ದು ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದಳು.

"ಅದಕ್ಕೇ ಹೇಳ್ತಿರೋದು."

"ಅಡುಗೆಮನೆ ನೆಲ ಎದ್ದು ಬರ್ತಿದೆ. ಹೊಸದು ಹಾಸ್ಕೊಡ್ತೀನಿ ಅಂತ ಈಸ್ಟರ್‌ನಿಂದ ಹೇಳ್ತಾ ಇದೀಯ. ಆ ದುಡ್ಡಲ್ಲಿ ತಾನೇ ನಿನ್ನ ಪಿನ್‌ಬಾಲ್ ಬರೋದು?"

ಎಮಿಲ್ ಕಿರಿಮಗಳು ಮಾರ್ಗೊಳ ಕಡೆ ತಿರುಗಿದ. ಅವಳಿಗೆ ಏಳು ವರ್ಷ. ಅಪ್ಪ ಏನು ಹೇಳಿದರೂ ಬಾಯಿ ಬಿಟ್ಟುಕೊಂಡು ಕೇಳುವ ವಯಸ್ಸು.

"ನಿಮ್ಮಜ್ಜನ ಬಾರಲ್ಲಿ ಒಂದಿತ್ತು ಕಣೇ. ಆಗ ಷಿಕಾಗೋ ಊರೊಳಗೆ ಪಿನ್‌ಬಾಲ್ ಆಡೋ ಹಾಗೇ ಇರಲಿಲ್ಲ, ನಿಷೇಧ. ಗಡಿ ದಾಟಿ ಸಿಸಿರೋಗೆ, ನಮ್ಮ ಬಾರಿಗೇ ಬರೋರು ಜನ. ಎಂಥೆಂಥಾ ಆಟಗಾರರು! ಆದ್ರೆ ಅಂಕ ಬರೆಯೋ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಎಲ್ಲರಿಗಿಂತ ಮೇಲೆ ಯಾರ ಹೆಸರಿತ್ತು ಹೇಳು?"

"ಓಟೋ!" ಎಂದಳು ಮಾರ್ಗೊ. ಈ ಕಥೆ ಅವಳಿಗೆ ಬಾಯಿಪಾಠ.

"ಓಟೋ. ನಿಮ್ಮಜ್ಜ. ಆಮೇಲೆ ಮಣಿಕಟ್ಟು ನೋವು ಅಂತ ಕರವಸ್ತ್ರ ಸುತ್ಕೊಂಡೇ ಇರೋನು, ಆಡೋದು ಬಿಟ್ಟುಬಿಟ್ಟ. ಆದ್ರೂ ಆ ಲೆಕ್ಕ ಮುರಿಯೋ ಗಂಡಸು ಹುಟ್ಟಲಿಲ್ಲ."

ಮೇಜಿನ ತುದಿಯಲ್ಲಿ ಕುಳಿತಿದ್ದ ಎಮಿಲ್‌ನ ತಾಯಿ ಲಿಡಾ ಎದ್ದು ಹುಳಿ ಎಲೆಕೋಸು ತರಲು ಒಲೆಯ ಹತ್ತಿರ ಹೋದಳು. ಮೇಜಿನ ಮೇಲಿನ ಬೋಗುಣಿಯಲ್ಲಿ ಎಲೆಕೋಸು ಇನ್ನೂ ಅರ್ಧ ಹಾಗೇ ಇತ್ತು.

ಗಂಡಸು ಹುಟ್ಟಲಿಲ್ಲ ಎಂಬುದು ನಿಜವೇ. ಏಕೆಂದರೆ ಆ ಲೆಕ್ಕವನ್ನು ಮಾಡಿದವಳು ಲಿಡಾ. ಓಟೋನ ಹೆಸರಿನ ಮುಂದಿದ್ದ ಅಂಕಿ ಅವಳ ಕೈಯಿಂದ ಬಂದದ್ದು. ಓಟೋ ತೀರಿಕೊಂಡ ಮೇಲೆ ಬಾರನ್ನೂ ಅದರ ಮೇಲಿನ ಮನೆಯನ್ನೂ ಮಾರಿ ಬರ್ವಿನ್‌ನ ಈ ಇಟ್ಟಿಗೆ ಮನೆಗೆ, ಮಗನ ಹತ್ತಿರ ಬಂದು ಅವಳಿಗೆ ಒಂದು ವರ್ಷವಾಗಿತ್ತು. ಈ ವರ್ಷದಲ್ಲಿ ಆ ಕಥೆಯನ್ನು ಎಷ್ಟೋ ಸಲ ಕೇಳಿದ್ದಳು. ಪ್ರತಿ ಸಲವೂ ಏನಾದರೂ ತರಲು ಏಳುತ್ತಿದ್ದಳು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಎಮಿಲ್ ಬಸ್ಸು ಓಡಿಸಿ ಸಂಜೆ ಮನೆಗೆ ಬಂದವನೇ ಅಳತೆ ಪಟ್ಟಿ ಹಿಡಿದು ನೆಲಮಾಳಿಗೆಗೆ ಇಳಿಯುವನು. ದಂತವೈದ್ಯರ ಕಚೇರಿಯಲ್ಲಿ ಇಡೀ ದಿನ ಫೋನು ಎತ್ತಿ ಎತ್ತಿ ಸಾಕಾಗಿರುತ್ತಿದ್ದ ಡೋರೀನ್ ಮೆಟ್ಟಿಲ ಮೇಲಿಂದಲೇ ಕೂಗುವಳು.

"ಬಟ್ಟೆ ಹಗ್ಗ ಬಿಚ್ಚಿದ್ರೆ ನೋಡು ಮತ್ತೆ!"

"ಬಿಚ್ಚಲ್ಲ ಮಾರಾಯ್ತಿ, ಆ ಕಡೆ ಗೋಡೆಗೆ ಕಟ್ತೀನಿ."

"ಆ ಕಡೆ ಗೋಡೆ ಒದ್ದೆ. ಚಳಿಗಾಲದಲ್ಲಿ ನಿನ್ನ ಒಳಬನಿಯನ್ ಒಣಗೋದು ಬೇಡ್ವಾ?"

ಎರಡು ವಾರ ಎಳೆದಾಡಿ ಕೊನೆಗೆ ಅವಳು ಸೋತಳು. ಸೋತರೂ ಷರತ್ತು ಹಾಕಿಯೇ ಸೋತಳು. ಗಾಜಿನ ಮೇಲೆ ಅರೆಬಟ್ಟೆ ಹೆಂಗಸರ ಚಿತ್ರ ಇರಕೂಡದು. ಮಾರ್ಗೊಗೆ ಕೈ ಎಟುಕಬೇಕು. ಸದ್ದು ತಗ್ಗಿಸಲು ಬರಬೇಕು. ಮತ್ತೆ ಅಡುಗೆಮನೆಯ ನೆಲ ಕ್ರಿಸ್‌ಮಸ್‌ಗೆ ಮುಂಚೆ ಆಗಲೇಬೇಕು, ಎಮಿಲ್ ತನ್ನ ಕೈಯಾರೆ ಹಾಸಿದರೂ ಸರಿಯೇ.

ಕೊರಿನ್ ಕೋಣೆಯ ಬಾಗಿಲನ್ನು ಇಷ್ಟೇ ತೆರೆದು ತಲೆ ಹೊರಹಾಕಿದಳು. "ತರೋದಾದ್ರೆ ಹೊಸದು ತನ್ನಿ. ಅಜ್ಜನ ಕಾಲದ ಗುಜರಿ ತಂದ್ರೆ ನಾನಂತೂ ಮುಟ್ಟಲ್ಲ."

"ನೋಡೋಕೆ ಬರ್ತೀಯಾ? ಕಾರು ನೀನೇ ಓಡಿಸು," ಎಂದ ಎಮಿಲ್.

ಆಗಷ್ಟೇ ಕಾರು ಕಲಿಯುತ್ತಿದ್ದ ಕೊರಿನ್‌ಗೆ ಸ್ಟಿಯರಿಂಗ್ ಸಿಗುವುದಾದರೆ ನರಕಕ್ಕೂ ಹೋಗಿಬರುವಷ್ಟು ಆಸೆ. ಬಾಗಿಲು ಪೂರ್ತಿ ತೆರೆಯಿತು.

ಹೀಗೆ ಅಕ್ಟೋಬರಿನ ಶನಿವಾರಗಳೆಲ್ಲ ಪಿನ್‌ಬಾಲ್ ಹುಡುಕುವುದರಲ್ಲೇ ಹೋದವು. ಮೊದಲ ಸಲ ದೊಡ್ಡ ಅಂಗಡಿಗೆ ಹೋದರು. ಅಲ್ಲಿನ ಹೊಸ ಯಂತ್ರಗಳು ಮಾತಾಡುತ್ತಿದ್ದವು, ಗುಡುಗುತ್ತಿದ್ದವು, ಕಣ್ಣು ಕುಕ್ಕುವಂತೆ ಮಿನುಗುತ್ತಿದ್ದವು. ಡೋರೀನ್ ತಲೆನೋವು ತಂದುಕೊಂಡು ಬಂದಳು. ಎಮಿಲ್ ಬೆಲೆ ಕೇಳಿ ಬಾಯಿ ಮುಚ್ಚಿಕೊಂಡು ಬಂದ. ಎರಡನೆಯ ಸಲ ಓಕ್ ಲಾನ್‌ನಲ್ಲಿ ನಿವೃತ್ತ ಅಗ್ನಿಶಾಮಕನೊಬ್ಬನ ಮನೆ. ಅವನ ನೆಲಮಾಳಿಗೆಯಲ್ಲಿ ಯಂತ್ರಗಳು ದನಗಳ ಹಾಗೆ ಸಾಲಾಗಿ ನಿಂತಿದ್ದವು. ಒಂದನ್ನೂ ಮಾರಲು ಅವನಿಗೆ ಮನಸ್ಸಿರಲಿಲ್ಲ, ಬಂದವರಿಗೆ ಬುದ್ಧಿ ಹೇಳಲು ಮಾತ್ರ ಬಹಳ ಇಷ್ಟ.

"ಅವನು ಹೇಳಿದ್ದು ಸರಿ ಇತ್ತು ಅಜ್ಜಿ," ಎಂದಳು ಕೊರಿನ್ ಅಂದು ಸಂಜೆ, ಅಡುಗೆಮನೆಯಲ್ಲಿ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತ. ಅವಳು ಅಡುಗೆಮನೆಯಲ್ಲಿ ಅಷ್ಟು ಹೊತ್ತು ನಿಂತು ಎಷ್ಟು ದಿನವಾಗಿತ್ತೋ. "ಮೊದಲನೇ ಯಂತ್ರ ಚಿತ್ರ ನೋಡಿ ತಗೋಬಾರದಂತೆ. ಸೋತ ಮೇಲೆ ಕೈ ತಾನಾಗೇ ಮತ್ತೆ ಶುರುಮಾಡೋ ಗುಂಡಿ ಒತ್ತುತ್ತಲ್ಲ, ಅದನ್ನ ತಗೋಬೇಕಂತೆ."

"ಹೌದಾ," ಎಂದಳು ಲಿಡಾ, ಹಿಟ್ಟು ನಾದುತ್ತ.

"ನೀವ್ಯಾಕೆ ಬರಲ್ಲ ನಮ್ಮ ಜೊತೆ?"

"ಅಷ್ಟು ವರ್ಷ ಆ ಸದ್ದು ಕೇಳಿದೀನಲ್ಲ, ಸಾಕು ನಂಗೆ."

ಅದರ ಮುಂದಿನ ವಾರ ಎಮಿಲ್ ಜಾಹೀರಾತು ನೋಡಿ ಜೋಲಿಯೆಟ್‌ನ ಒಬ್ಬರಿಗೆ ಫೋನ್ ಮಾಡಿದ. ಎರಡು ಮಾತಾಡುವಷ್ಟರಲ್ಲಿ ಅವನ ದನಿ ಏರಿತು. "ಹಿಮದ ಮೇಲೆ ಜಾರೋ ಹುಡುಗೀರ ಚಿತ್ರನಾ? ಮೂರು ಗಂಟೆ ಇದಾವಾ ಅದರಲ್ಲಿ? ಸ್ವಲ್ಪ ಬಾರಿಸಿ ಸಾರ್, ಫೋನ್ ಹತ್ತಿರ ಹಿಡೀರಿ!" ಆಮೇಲೆ ಫೋನನ್ನು ಎಳೆದುಕೊಂಡು ಬಂದು ತಾಯಿಯ ಕಿವಿಗೆ ಹಿಡಿದ. "ಕೇಳಮ್ಮ! ನಮ್ಮದೇ! ಅದೇ ಯಂತ್ರ!"

ಲಿಡಾ ಕೇಳಿದಳು. ಒಂದು ಸಣ್ಣ ಗಂಟೆ, ಒಂದು ನಡುವಿನದು, ಒಂದು ದಪ್ಪ ದನಿಯದು. ಬಾರಿನ ಬೆಳಗು ಹಾಗೇ ಎದ್ದು ಬಂತು. ಒರೆಸಿದ ನೆಲದ ಸೋಡಾ ವಾಸನೆ, ಮೇಜಿನ ಮೇಲೆ ಕಾಲು ಮೇಲಾಗಿ ನಿಂತ ಕುರ್ಚಿಗಳು, ಬೀದಿಬಾಗಿಲ ಗಾಜಿನಿಂದ ಒಳಗೆ ಬೀಳುವ ಉದ್ದನೆಯ ಬಿಸಿಲು. ಇವಳು ಏಪ್ರನ್ ಬಿಚ್ಚಿ ಕುರ್ಚಿಯ ಕಾಲಿಗೆ ನೇತುಹಾಕುತ್ತಿದ್ದಳು.

"ನಾನೂ ಬರ್ತೀನಿ," ಎಂದಳು.

ಜೋಲಿಯೆಟ್‌ನಲ್ಲಿ ಲೆಸ್ಟರ್ ಎಂಬ ಶಾಲಾ ಮೇಷ್ಟ್ರು ಮನೆ ಖಾಲಿ ಮಾಡಿ ಅಪಾರ್ಟ್‌ಮೆಂಟಿಗೆ ಹೋಗುವವರಿದ್ದರು. ಅವರ ಗ್ಯಾರೇಜಿನಲ್ಲಿ ಎರಡು ಯಂತ್ರಗಳಿದ್ದವು. ಒಂದು ಆ ಹಳೆಯದು. ಅದರ ಪಕ್ಕದಲ್ಲಿ ಅಷ್ಟೇನೂ ಹಳೆಯದಲ್ಲದ, ಸಮುದ್ರದ ತಳದಲ್ಲಿ ಮುಳುಗುಗಾರರು ಈಜುವ ಚಿತ್ರವಿದ್ದ ಇನ್ನೊಂದು. ಕೊರಿನ್ ಮತ್ತು ಮಾರ್ಗೊ ನೇರ ಮುಳುಗುಗಾರರ ಹತ್ತಿರ ಓಡಿದರು. ಎಮಿಲ್ ಹಳೆಯ ಯಂತ್ರದ ಮುಂದೆ ನಿಂತು ಎರಡು ಕೈಯಿಂದಲೂ ಅದರ ಅಂಚನ್ನು ಸವರಿದ. ಆಡಿದ. ಉಕ್ಕಿನ ಗುಂಡು ಮೇಲೆ ಹೋದಷ್ಟೇ ಬೇಗ, ಅದನ್ನು ಮತ್ತೆ ಮೇಲಕ್ಕೆ ಹೊಡೆಯುವ ಎರಡು ಫ್ಲಿಪ್ಪರ್‌ಗಳ ಸಂದಿಯಿಂದ ಜಾರಿ ಕೆಳಗೆ ಬಿತ್ತು. ಮತ್ತೆ ಆಡಿದ. ಮತ್ತೆ ಜಾರಿತು.

"ನಮ್ಮಪ್ಪ ಆಡಿದ್ರೆ ನೀವು ನೋಡಬೇಕಿತ್ತು ಸಾರ್," ಎಂದು ಲೆಸ್ಟರ್‌ಗೂ ಕಥೆ ಶುರುಮಾಡಿದ.

"ಅಜ್ಜೀನೂ ಒಂದ್ಸಲ ಆಡ್ಲಿ," ಎಂದಳು ಮಾರ್ಗೊ.

"ಬೇಡ ಪುಟ್ಟಿ."

"ಆಡಿ ಅತ್ತೆ, ಇಷ್ಟು ದೂರ ಬಂದಿದೀರಿ," ಎಂದಳು ಡೋರೀನ್ ಸಹ.

ಒಂದೇ ಗುಂಡು ಆಡಿ ಬಿಟ್ಟುಬಿಡೋಣ ಎಂದುಕೊಂಡು ಲಿಡಾ ಕೈಚೀಲವನ್ನು ಸೊಸೆಯ ಕೈಗೆ ಕೊಟ್ಟಳು. ಬೇಕೆಂದೇ ಕೆಟ್ಟದಾಗಿ ಆಡಬೇಕೆಂಬ ಯೋಚನೆಯೂ ಇತ್ತು. ಆದರೆ ಸ್ಪ್ರಿಂಗಿನ ಹಿಡಿಯನ್ನು ಎಳೆದು ಬಿಟ್ಟಾಗ ಗುಂಡು ಹೊರಟ ದನಿ ಕೇಳಿದ್ದೇ ತಡ, ಯೋಚನೆ ಹಿಂದೆ ಬಿತ್ತು, ಕೈ ಮುಂದೆ ಹೋಯಿತು. ಗುಂಡು ಕೆಳಗಿಳಿದು ಬಂದರೆ ಅವಳು ಹೊಡೆಯಲಿಲ್ಲ. ಫ್ಲಿಪ್ಪರ್ ಎತ್ತಿ ಹಿಡಿದು ಅದನ್ನು ಮಗುವಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡಳು. ಆಮೇಲೆ ನಿಧಾನವಾಗಿ ಕೆಳಗೆ ಬಿಟ್ಟು, ಬೇಕಾದ ಕಡೆಗೆ ಕಳಿಸಿದಳು. ಸಂದಿಯ ಕಡೆ ವಾಲಿದಾಗ ಸೊಂಟದಿಂದ ಯಂತ್ರಕ್ಕೆ ಒಂದು ಸಣ್ಣ ಏಟು ಕೊಟ್ಟಳು, ಒಲೆಯ ಮುಂದೆ ನಿಂತವಳು ಡ್ರಾಯರನ್ನು ಸೊಂಟದಿಂದ ಮುಚ್ಚುವ ಹಾಗೆ. ಜೋರಾಗಿ ಅಲ್ಲಾಡಿಸಿದರೆ ಯಂತ್ರ ಕೋಪಿಸಿಕೊಂಡು ಆಟವನ್ನೇ ನಿಲ್ಲಿಸುತ್ತದೆ. ಇವಳ ಏಟು ಅದಕ್ಕೆ ಗೊತ್ತೇ ಆಗಲಿಲ್ಲ. ಮೂರು ಗಂಟೆಗಳೂ ಒಂದರ ಮೇಲೊಂದು ಬಿದ್ದು ಬಡಿದುಕೊಂಡವು.

ಕೊರಿನ್ ತನ್ನ ಆಟ ಬಿಟ್ಟು ಬಂದು ನಿಂತಳು. "ಅಜ್ಜಿ!" ಎಂದಳು.

ಲಿಡಾ ಕೈ ತೆಗೆದಾಗ ಎಮಿಲ್ ಅವಳನ್ನೇ ನೋಡುತ್ತಿದ್ದ. "ಬೆಳಗ್ಗೆ ಸ್ಕೂಲಿಗೆ ರೆಡಿ ಆಗೋವಾಗ ಕೆಳಗಿಂದ ಗಂಟೆ ಕೇಳಿಸ್ತಿತ್ತು," ಎಂದ. "ಅಪ್ಪ ಪ್ರಾಕ್ಟೀಸ್ ಮಾಡ್ತಿದಾನೆ ಅಂದ್ಕೊಂಡಿದ್ದೆ. ಅಪ್ಪ ಏಳ್ತಿದ್ದೇ ಹತ್ತು ಗಂಟೆಗೆ ಅಲ್ವಾ?"

ಲಿಡಾ ಸೊಸೆಯ ಕೈಯಿಂದ ಕೈಚೀಲವನ್ನು ವಾಪಸ್ಸು ತೆಗೆದುಕೊಂಡಳು.

"ಹಲಗೆ ಮೇಲಿದ್ದದ್ದು ನಿಂದು."

"ಹೌದು."

ಅಂದು ಏನನ್ನೂ ಕೊಳ್ಳದೆ ಬಂದರು. ದಾರಿಯುದ್ದಕ್ಕೂ ಕೊರಿನ್ ಕಾರು ಓಡಿಸಿದಳು. ಎಮಿಲ್ ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದ. ಮಗಳು ಕೆಂಪು ದೀಪಕ್ಕೆ ತಡವಾಗಿ ಬ್ರೇಕ್ ಹಾಕಿದರೂ ಬೈಯಲಿಲ್ಲ. ಮನೆಗೆ ಬಂದು ಕೋಟು ಬಿಚ್ಚುವಾಗ ಮಾತ್ರ ಸ್ಫೋಟಿಸಿದ.

"ಮಕ್ಕಳ ಮುಂದೆ ಅಷ್ಟು ಸಲ ಹೇಳಿದೀನಿ. ಒಂದ್ಸಲನಾದ್ರೂ ಬಾಯಿ ಬಿಡಬಾರದಿತ್ತಾ ಅಮ್ಮ? ಕೂತ್ಕೊಂಡು ಮನಸ್ಸಲ್ಲೇ ನಗ್ತಿದ್ಯಾ?"

"ನಗ್ತಿರಲಿಲ್ಲ ಕಣೋ."

"ಮತ್ತೆ?"

"ನಿಮ್ಮಪ್ಪನ ಬಗ್ಗೆ ನೀನು ಖುಷಿಯಾಗಿ ಹೇಳ್ಕೊಳ್ಳೋದು ಅದೊಂದೇ ವಿಷಯ. ಅದನ್ನೂ ಕಿತ್ಕೊಳ್ಳಲಾ?"

ಆ ಮಾತು ತಾಗಬಾರದ ಕಡೆ ತಾಗಿತು. ಅದು ಸುಳ್ಳಾಗಿರಲಿಲ್ಲ, ಅದಕ್ಕೇ ತಾಗಿತು. ಓಟೋ ಬಾರಿನ ಆಚೆ ಬದಿಯಲ್ಲಿ ನಿಂತು ಎಲ್ಲರಿಗೂ ಗೆಳೆಯನಾಗಿದ್ದವನು; ಮಹಡಿ ಹತ್ತಿ ಬರುವಷ್ಟರಲ್ಲಿ ಮಗನಿಗೆ ಕೊಡಲು ಅವನ ಹತ್ತಿರ ಮಾತು ಉಳಿದಿರುತ್ತಿರಲಿಲ್ಲ. ಎಮಿಲ್ ಕೋಟನ್ನು ಮತ್ತೆ ಹಾಕಿಕೊಂಡು ಹೊರಗೆ ಹೋದ.

ಮುಂದಿನ ದಿನಗಳಲ್ಲಿ ಅವನು ಊಟವನ್ನು ಬಸ್ ಡಿಪೋದಲ್ಲೇ ಮುಗಿಸಿ ಬರತೊಡಗಿದ. ಈಗ ಮೇಜಿನಲ್ಲಿ ಖಾಲಿ ಕುರ್ಚಿ ಅವನದು. ವಿಚಿತ್ರವೆಂದರೆ ಕೊರಿನ್ ತನ್ನ ಕುರ್ಚಿಗೆ ವಾಪಸ್ಸು ಬಂದಿದ್ದಳು. ಉಪ್ಪಿನ ಡಬ್ಬಿ, ಕಾಳುಮೆಣಸಿನ ಡಬ್ಬಿಗಳನ್ನು ಫ್ಲಿಪ್ಪರ್‌ಗಳ ಹಾಗೆ ಇಟ್ಟು, ಬಟಾಣಿಯೊಂದನ್ನು ಉರುಳಿಸಿ, ಗುಂಡನ್ನು ಹೇಗೆ ಹಿಡಿದು ನಿಲ್ಲಿಸುವುದು ಎಂದು ಅಜ್ಜಿಯನ್ನು ಪೀಡಿಸುತ್ತಿದ್ದಳು.

"ಮೇಜಿನ ಮೇಲೆ ಆಟ ಬೇಡ," ಎನ್ನುತ್ತಿದ್ದಳು ಡೋರೀನ್, ಆದರೆ ಅವಳ ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ. ಒಂದು ರಾತ್ರಿ ಪಾತ್ರೆ ಒರೆಸುತ್ತ ಅತ್ತೆಗೆ ಹೇಳಿದಳು: "ಅವನು ಕೋಪ ಮಾಡ್ಕೊಂಡಿಲ್ಲ ಅತ್ತೆ. ಏನು ಹೇಳ್ಬೇಕೂಂತ ಗೊತ್ತಾಗದೆ ಓಡಾಡ್ತಿದಾನೆ. ಅಪ್ಪನ ಥರಾನೇ ಅಲ್ವಾ?"

ಗುರುವಾರ ಬೆಳಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ, ಎಮಿಲ್ ಕಾಫಿ ಬಟ್ಟಲು ಹಿಡಿದು ತಾಯಿಯ ಎದುರು ಕುಳಿತ. ಅಂದು ಅವನಿಗೆ ಮಧ್ಯಾಹ್ನದ ಪಾಳಿ. ಲಿಡಾ ಗಸಗಸೆ ಹೂರಣ ತುಂಬಿ ಸಣ್ಣ ಸಣ್ಣ ಬನ್ನು ಮಾಡುತ್ತಿದ್ದಳು.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿರದೆ? ಅವನೇ ತಾನೇ ಬರೆದಿದ್ದು."

"ನಿನ್ನ ಆಟ ಕದ್ದು ತನ್ನ ಹೆಸರು ಬರ್ಕೊಂಡ."

"ಬಾಯಿ ಮುಚ್ಚು. ಕೇಳು ಮೊದಲು." ಲಿಡಾ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. "ತಲೆನೋವಿನ ಮಾತ್ರೆ ಹುಡುಕ್ಕೊಂಡು ಒಂದಿನ ಬೆಳಗ್ಗೆ ಕೆಳಗೆ ಬಂದ. ನಾನು ಆಡ್ತಿದ್ದೆ. ಮೆಟ್ಟಿಲ ಮೇಲೆ ಕೂತು ಮುಗಿಯೋವರೆಗೂ ನೋಡಿದ. ಆ ಅಂಕಿ ಕಂಡು ಹುಚ್ಚು ಹಿಡಿದೋರ ಥರ ಆಡಿದ. ಎಲ್ಲರಿಗೂ ಹೇಳ್ತೀನಿ, ಇವತ್ತು ಸಂಜೆ ಎಲ್ಲರ ಮುಂದೆ ನೀನು ಆಡಬೇಕು ಅಂದ. ಬೇಡ ಅಂದೆ. ಯಾಕೆ ಗೊತ್ತಾ? ದಿನಾ ಬೆಳಗಿಂದ ರಾತ್ರಿವರೆಗೂ ಲಿಡಾ ಬಿಯರ್, ಲಿಡಾ ಸೂಪು, ಲಿಡಾ ಆ ಮೇಜು ಒರೆಸು, ಅಮ್ಮಾ ನನ್ನ ಸಾಕ್ಸ್ ಎಲ್ಲಿ. ಯಾರೂ ನನ್ನ ಕರೀದೆ ಇರ್ತಿದ್ದ ಹೊತ್ತು ಅದೊಂದೇ. ಊರಿಗೆಲ್ಲಾ ಗೊತ್ತಾದ್ರೆ ಬೆಳಗ್ಗೆನೂ ಬಂದು ಸುತ್ತ ನಿಂತ್ಕೋತಾರೆ, ನಂಗೆ ಅದೂ ಇಲ್ಲ."

"ಆಮೇಲೆ?"

"ಹೇಳಲ್ಲ ಅಂತ ಮಾತು ಕೊಟ್ಟ. ಆದ್ರೆ ಆ ಅಂಕೀನ ಬರೀದೇ ಇರೋಕೆ ಅವನ ಕೈಲಿ ಆಗಲಿಲ್ಲ. ಬರೆದ. ಯಾರದು ಅಂತ ಎಲ್ಲಾ ಕೇಳಿದ್ರು. ನಂದು ಅಂದ. ಹಾಗಾದ್ರೆ ಆಡಿ ತೋರಿಸು ಅಂದ್ರು." ಲಿಡಾಳ ತುಟಿ ಅಲುಗಿತು. "ಮಣಿಕಟ್ಟು ನೋವು ಅಂದ."

ಎಮಿಲ್ ಬಟ್ಟಲು ಕೆಳಗಿಟ್ಟ. "ಆ ಕರವಸ್ತ್ರ..."

"ದಿನಾ ನಾನೇ ಕಟ್ತಿದ್ದೆ."

"ಅವನಿಗೆ ನಿಜವಾಗ್ಲೂ ನೋವಿರಲಿಲ್ವಾ?"

"ಬಿಯರ್ ಪೀಪಾಯಿ ಎತ್ತೋವಾಗ ಎಲ್ಲಿ ಹೋಗ್ತಿತ್ತೋ ಆ ನೋವು? ಅವನಿಗೂ ಆ ಆಟ ಅಂದ್ರೆ ಪ್ರಾಣ ಕಣೋ. ನಂಗಿಂತ ಜಾಸ್ತಿ ಇಷ್ಟ. ಆದ್ರೆ ಬಾರು ತೆರೆದಿರೋವಾಗ ಆಮೇಲೆ ಒಂದ್ಸಲನೂ ಅದನ್ನ ಮುಟ್ಟಲಿಲ್ಲ. ನಾನು ಕಾಸು ಹಾಕದೆ ಆಡೋಕೆ ಅಂತ ಅದರ ಬೀಗದ ಕೈ ದಿನಾ ರಾತ್ರಿ ನನ್ನ ಏಪ್ರನ್ ಜೇಬಲ್ಲಿ ಹಾಕಿ ಮಲಗೋನು. ಒಂದು ಮಾತು ಆಡ್ತಿರಲಿಲ್ಲ."

ಎಮಿಲ್‌ಗೆ ಮೊದಲು ನಗು ಬಂತು. ಬಾರಿನ ಹಿಂದೆ ನಿಂತು ಕಟ್ಟಿದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎದೆಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಿಯರ್ ಸುರಿಯುತ್ತಿದ್ದ ಅಪ್ಪ ಕಣ್ಣಿಗೆ ಕಟ್ಟಿದಂತಾಯಿತು. ನಕ್ಕ, ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದ. ಲಿಡಾ ಬನ್ನಿನ ತಟ್ಟೆಯನ್ನು ಅವನ ಕಡೆ ಸರಿಸಿ ಹಿಟ್ಟಿನ ಕಡೆ ತಿರುಗಿಕೊಂಡಳು.

"ಜೋಲಿಯೆಟ್‌ಗೆ ಫೋನ್ ಮಾಡ್ತೀನಿ," ಎಂದ ಅವನು ಕೊನೆಗೆ. "ಆ ಯಂತ್ರ ನಿಂಗೇ ಅಮ್ಮ."

"ಬೇಡ."

"ಯಾಕೆ?"

"ಅದರಲ್ಲಿ ನಂಗೆ ಕಲಿಯೋದು ಏನೂ ಉಳಿದಿಲ್ಲ. ಮಕ್ಕಳು ಆಡೋವಾಗ ಪಕ್ಕದಲ್ಲಿ ನಿಂತು ಹಾಗಲ್ಲ ಹೀಗೆ ಅಂತ ತಲೆ ತಿನ್ನಬೇಕಾ ನಾನು? ಆ ಹಸಿರು ಬಣ್ಣದ್ದು ತಗೋ, ಮುಳುಗೋರ ಚಿತ್ರದ್ದು. ನಾನು ಹಳೇದರ ಮುಂದೆ ಇರೋವಾಗ ಕೊರಿನ್ ಸೋತು ಸೋತು ಅದರ ಗುಂಡಿನೇ ಒತ್ತುತ್ತಿದ್ಲು, ನೋಡಲಿಲ್ವಾ? ಅದರಲ್ಲಿ ನಮ್ಮಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಎಲ್ಲಾರೂ ಒಟ್ಟಿಗೆ ಸೋಲೋಣ."

ಹಸಿರು ಯಂತ್ರ ಬಂತು. ಕಾಲುಗಳನ್ನು ಬಿಚ್ಚಿ, ಹಳೆಯ ಕಂಬಳಿ ಸುತ್ತಿ, ಎಮಿಲ್‌ನ ಜೊತೆಯ ಇಬ್ಬರು ಡ್ರೈವರುಗಳು ಅದನ್ನು ನೆಲಮಾಳಿಗೆಯ ಕಡಿದಾದ ಮೆಟ್ಟಿಲಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿದರು. "ಗೋಡೆ, ಗೋಡೆ!" ಎಂದು ಡೋರೀನ್ ಮೇಲಿಂದ ಕೂಗುತ್ತಿದ್ದಳು. ಗೋಡೆಗೆ ಒಂದು ಗೀರು ಬಿದ್ದೇ ಬಿತ್ತು. ಬಟ್ಟೆ ಹಗ್ಗ ಒದ್ದೆ ಗೋಡೆಗೆ ಹೋಯಿತು. ಮಾರ್ಗೊಗೆ ನಿಲ್ಲಲು ಹಾಲಿನ ಕ್ರೇಟು ಬಂತು.

ಮೊದಲ ದಿನ ಎಲ್ಲರೂ ಸೋತರು. ಎಲ್ಲರಿಗಿಂತ ಕಡಿಮೆ ಲೆಕ್ಕ ಲಿಡಾಳದು. ಒಟ್ಟಿಗೇ ಎರಡು ಗುಂಡು ಇಳಿದು ಬಂದಾಗ ಯಾವುದನ್ನು ನೋಡುವುದೆಂದು ತಿಳಿಯದೆ ಅವಳು ಕೈ ಎತ್ತಿಬಿಟ್ಟಳು. "ಇದೇನು ಇದು, ಅನ್ಯಾಯ!" ಎಂದಳು. ಮಾರ್ಗೊ ಕ್ರೇಟಿನ ಮೇಲೆ ಕುಣಿದಳು.

ನವೆಂಬರ್ ಕೊನೆಗೆ ಅಡುಗೆಮನೆಯ ನೆಲವೂ ಆಯಿತು. ಎಮಿಲ್ ಮಂಡಿಯೂರಿ ಹಾಸಿದ ನೆಲ ಒಂದು ಮೂಲೆಯಲ್ಲಿ ಸ್ವಲ್ಪ ಸೊಟ್ಟಗಾಗಿತ್ತು. ಡೋರೀನ್ ಅಲ್ಲಿ ಕಸದ ಬುಟ್ಟಿ ಇಟ್ಟಳು. ಊಟದ ಹೊತ್ತಿಗೆ ಕುರ್ಚಿಗಳು ಹೆಚ್ಚುಕಡಿಮೆ ತುಂಬುತ್ತಿದ್ದವು. ಮಾರ್ಗೊಗೆ ಈಗ ಎಮಿಲ್ ಹೇಳುತ್ತಿದ್ದದ್ದು ಕರವಸ್ತ್ರದ ಕಥೆ. ಹೇಳುವಾಗ ತನ್ನ ಮಣಿಕಟ್ಟಿಗೆ ಊಟದ ಕರವಸ್ತ್ರ ಸುತ್ತಿಕೊಂಡು, ಅಪ್ಪನ ಹಾಗೆ ಮುಖ ಕಿವುಚಿ ತೋರಿಸುತ್ತಿದ್ದ. ಲಿಡಾ ಎದ್ದು ಏನನ್ನೂ ತರಲು ಹೋಗುತ್ತಿರಲಿಲ್ಲ. "ಆ ಕೈಯಲ್ಲ ಕಣೋ, ಎಡಗೈ," ಎಂದು ತಿದ್ದುತ್ತಿದ್ದಳು.

ಡಿಸೆಂಬರಿನ ಒಂದು ಸಂಜೆ ಲಿಡಾಳೂ ಕೊರಿನ್‌ಳೂ ಕೆಳಗಿದ್ದರು. ಎರಡು ಗುಂಡಿಗೆ ಇಬ್ಬರು ಎಂದು ಕೊರಿನ್ ಉಪಾಯ ಹುಡುಕಿದ್ದಳು. ಎಡ ಫ್ಲಿಪ್ಪರ್ ಅಜ್ಜಿಗೆ, ಬಲದ್ದು ತನಗೆ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.

"ನಿಂದು ಬರ್ತಿದೆ, ನಿಂದು!"

"ಹೊಡೀಬೇಡಿ ಅಜ್ಜಿ, ಹಿಡ್ಕೊಳ್ಳಿ, ನಾನು ಇದನ್ನ ಮೇಲೆ ಕಳಿಸ್ತೀನಿ!"

"ಯಾರು ಯಾರಿಗೆ ಹೇಳ್ಕೊಡ್ತಿದಾರೆ ಇಲ್ಲಿ?"

ಮೇಲಿಂದ ಡೋರೀನ್ ಕರೆದಳು. "ಅತ್ತೆ! ಸೂಪು ಬಡಿಸಿದೀನಿ, ಬನ್ನಿ!"

ಜೀವಮಾನವೆಲ್ಲ ಕರೆದ ತಕ್ಷಣ ಬಂದೆ ಎಂದವಳು ಲಿಡಾ. ಈಗ ಕಣ್ಣು ಕೂಡ ಎತ್ತಲಿಲ್ಲ. "ತಡಿಯಮ್ಮ! ಎರಡೂ ಗುಂಡು ಇನ್ನೂ ಮೇಲೇ ಇದಾವೆ!"

"ಆರಿಹೋಗುತ್ತೆ ಅತ್ತೆ!"

"ಆರ್ಲಿ!"

ಸೌಟು ಹಿಡಿದುಕೊಂಡೇ ಡೋರೀನ್ ದಡದಡ ಮೆಟ್ಟಿಲಿಳಿದು ಬಂದಳು, ಬೈಯಲೆಂದೇ. ಗಾಜಿನ ಕೆಳಗೆ ಎರಡು ಗುಂಡುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. ಒಂದು ತಪ್ಪಿಸಿಕೊಂಡು ಅಂಚಿಗುಂಟ ಜಾರತೊಡಗಿತು. ಅವಳು ಬೈಯುವುದನ್ನು ಮರೆತು, ಸೌಟನ್ನೇ ಎತ್ತಿ ಕೂಗಿದಳು: "ಎಡಕ್ಕೆ ಅತ್ತೆ, ಎಡಕ್ಕೆ ಬಂತು, ಹೊಡೀರಿ!"